‘ಊರುಕೇರಿ’ಯಲ್ಲಿ ನಗೆಯ ಸ್ಥಾನ

ಸ್ವಚ್ಛಂದ ಯೌವನವನ್ನು ನೆನೆದು ಬರೆದ ಆತ್ಮಕಥೆಗಳು ಕನ್ನಡದಲ್ಲಿ ಹಲವಿವೆ. ಅವುಗಳಲ್ಲಿ ಡಾಕ್ಟರ್ ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಮೊದಲನೆಯ ಭಾಗವು ವಿಶೇಷ ವಿಚಾರಕ್ಕೆ ಅರ್ಹವಾಗಿದೆ. 1975ರ ‘ಹೊಲೆಮಾದಿಗರ ಹಾಡು’ ಸಂಗ್ರಹದಲ್ಲಿ ಕಿಡಿ ಕಾರಿದ ಕವಿಯು, ಸುಮಾರು ಎರಡು ದಶಕಗಳ ತರುವಾಯ ಅದೇ ಬಾಳನ್ನು ಗದ್ಯದಲ್ಲಿ ನಿರೂಪಿಸುವಾಗ ನಗುತ್ತಾನೆ. ಈ ನಗೆ ಹೋರಾಟದಿಂದ ಹಿಂಜರಿದುದರ ಗುರುತೇ? ಇದೇ ಇಲ್ಲಿ ವಿಚಾರಿಸತಕ್ಕ ಪ್ರಶ್ನೆ.

ಇದೇ ಕಾಲದಲ್ಲಿ ಹೊರಬಂದ ಲಂಕೇಶರ ‘ಹುಳಿಮಾವಿನ ಮರ’ದೊಡನೆ ಹೋಲಿಸಿದರೆ ವಿಷಯವು ವಿಶದವಾದೀತು. ಲಂಕೇಶರು ಅಧ್ಯಾಪಕ ವೃತ್ತಿಯನ್ನು ಬಿಟ್ಟು ಚಲನಚಿತ್ರ, ಪತ್ರಿಕೆಗಳ ದಾರಿ ಹಿಡಿದವರು. ಅವರಿಗೆ ತೊರೆಯುವುದಕ್ಕೊಂದು ನೆಲೆಯಿತ್ತು. ಮಾಗಡಿ ಸೀಮೆಯ ಮಂಚನಬೆಲೆಯಿಂದ ಬೆಂಗಳೂರಿನ ಶ್ರೀರಾಮಪುರಕ್ಕೆ ಬಂದ ಹುಡುಗನಿಗೆ ತೊರೆಯತಕ್ಕದ್ದು ಏನಿತ್ತು? ಓದಲು ಏಕಾಂತ ಬೇಕಾದಾಗ ಆತನು ಸ್ಮಶಾನಕ್ಕೆ ಹೋಗುತ್ತಾನೆ. ನಮ್ಮ ಕಾವ್ಯಪರಂಪರೆಯಲ್ಲಿ ವೈರಾಗ್ಯಕ್ಕೆ ಪ್ರೇರಕವಾದ ಆ ಸ್ಥಳವು ಇಲ್ಲಿ ಬಡವನ ಓದಿನ ಕೋಣೆ. ವಾಚಕನು ಮೊದಲು ನಗುತ್ತಾನೆ. ಬದುಕಿದ್ದವರ ಬೀದಿಯಲ್ಲಿ ಈತನಿಗೆ ಒಂದು ಮೂಲೆಯೂ ಇರಲಿಲ್ಲವೆಂಬುದು ಆಮೇಲೆ ಹೊಳೆಯುತ್ತದೆ.

ಗ್ರಂಥದ ಆರಂಭದಲ್ಲಿಯೇ ಎತ್ತುಗಳಿಗೆ ಬದಲಾಗಿ ನೊಗ ಹೊತ್ತ ಇಬ್ಬರು ಮನುಷ್ಯರ ಚಿತ್ರವಿದೆ. ಅವರಲ್ಲಿ ಒಬ್ಬನು ನಿರೂಪಕನ ತಂದೆ. ಕಥನದಲ್ಲಿ ಮುಂದೆ ಬರುವ ವಿನೋದವನ್ನೆಲ್ಲ ಈ ನೊಗದ ನೆನಪಿನೊಡನೆಯೇ ಓದಬೇಕು. ಆಗ ನಗೆಯ ಪ್ರಯೋಜನ ತಿಳಿಯುತ್ತದೆ: ಅವಮಾನ ಮಾಡಿದವನ ಕೈಗೆ ತನ್ನ ನೆನಪನ್ನೂ ಒಪ್ಪಿಸಲಾರೆನೆಂಬ ಹಟವೇ ಅದು.

ಗುಣವನ್ನು ಹೇಳಿದಮೇಲೆ ಕೊರತೆಯನ್ನೂ ಹೇಳುವುದು ನ್ಯಾಯ. ಪ್ರಸಂಗಗಳು ಒಂದರ ಹಿಂದೊಂದು ಬರುವ ರಭಸದಲ್ಲಿ ನಗರವು ಬದಲಾದ ಬಗೆ ಹಿಂದೆ ಬೀಳುತ್ತದೆ. ಶ್ರೀರಾಮಪುರದ ಸುತ್ತ ಬಟ್ಟೆಯ ಗಿರಣಿಗಳಿದ್ದವು. ಕೇರಿಯ ಎಷ್ಟೋ ಮಂದಿಯ ಅನ್ನ ಅಲ್ಲಿತ್ತು. ಹತ್ತಿರದ ರಾಜಾ ಮಿಲ್ಲಿನ ನೆಲದಲ್ಲಿ 2010ರಲ್ಲಿ ದೊಡ್ಡ ಮಾಲು ತೆರೆಯಿತು. 2014ರಲ್ಲಿ ಶ್ರೀರಾಮಪುರಕ್ಕೆ ಮೆಟ್ರೋ ರೈಲು ಬಂದಿತು. ಇಂದಿನ ವಿದ್ಯಾರ್ಥಿಗೆ ಆ ಹಳೆಯ ಕೇರಿಯನ್ನು ಕಾಣಿಸಲು ಈ ಗ್ರಂಥವೇ ಮುಖ್ಯ ಆಧಾರವಾಗುತ್ತಿರುವುದರಿಂದ, ದುಡಿಮೆಯ ವಿವರ ಇನ್ನಷ್ಟು ಇರಬೇಕಾಗಿತ್ತೆನಿಸುತ್ತದೆ.

ಗ್ರಂಥಕರ್ತರು 2021ರಲ್ಲಿ ತೀರಿಕೊಂಡರು. ತರಗತಿಯಲ್ಲಿ ಇದನ್ನು ಪಾಠ ಹೇಳುವವರು ವಿದ್ಯಾರ್ಥಿಗಳನ್ನು ನಗಿಸುವುದು ಸುಲಭ. ನಕ್ಕಮೇಲೆ ಒಂದು ಕ್ಷಣ ಸುಮ್ಮನಿರುವಂತೆ ಮಾಡಿದರೆ ಪಾಠವು ಸಾರ್ಥಕ.