ಹಳೇ ಜೆಸಿಬಿ ನೋಡುವ ಕಣ್ಣು
ಮಾರಾಟಕ್ಕಿಟ್ಟ ಹಳೇ ಜೆಸಿಬಿಗೆ ಹೊಸದಾಗಿ ಬಳಿದ ಹಳದಿ ಬಣ್ಣಕ್ಕೆ ಒಳ್ಳೆಯ ಮೆಕ್ಯಾನಿಕ್ ಮರುಳಾಗುವುದಿಲ್ಲ. ಮೀಟರ್ ತೋರಿಸುವ ಗಂಟೆಗಳನ್ನೂ ಪೂರ್ತಿ ನಂಬುವುದಿಲ್ಲ. ಪೆಡಲಿನ ರಬ್ಬರು ಎಷ್ಟು ಸವೆದಿದೆ ಎಂದು ನೋಡುತ್ತಾನೆ. ಎಂಜಿನ್ನಿನ ಹತ್ತಿರ ಕೈ ಹಿಡಿದಾಗ ಬಿಸಿ ತಗುಲಿದರೆ, ಗಾಡಿಯನ್ನು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ. ತಣ್ಣಗಾಗುವವರೆಗೂ ಕಾದು ಕೂರುತ್ತಾನೆ. ಆ ತಾಳ್ಮೆ ನನಗೆ ಬಹಳ ಇಷ್ಟ.

ಜೆಸಿಬಿ 3ಡಿಎಕ್ಸ್‌ನಂಥ ಗಾಡಿಯಲ್ಲಿ ಹೆಚ್ಚು ದುಡಿಯುವುದು ಹಿಂಬದಿಯ ತೋಳು. ಆಪರೇಟರ್ ಅದನ್ನು ಎಡಬಲಕ್ಕೆ ತಿರುಗಿಸುವಾಗ ಮೆಕ್ಯಾನಿಕ್ ದೂರ ನಿಂತು ಕಿವಿಗೊಡುತ್ತಾನೆ. ಪಿನ್ನು, ಬುಶ್ಶು ಸವೆದಿದ್ದರೆ ಟಕಟಕ ಸದ್ದು. ತೋಳು ತಿರುಗುವ ಬುಡದಲ್ಲೇ ಆಟವಿದ್ದರೆ ರಿಪೇರಿ ದುಬಾರಿ. ಎಂಜಿನ್ ನಿಂತ ಮೇಲೆ ಹೈಡ್ರಾಲಿಕ್ ಸಿಲಿಂಡರಿನ ಹೊಳೆಯುವ ರಾಡಿನುದ್ದಕ್ಕೂ ಉಗುರು ಎಳೆಯುತ್ತಾನೆ. ಉಗುರು ಸಿಕ್ಕಿಕೊಂಡರೆ ಅಲ್ಲೊಂದು ಗೀರಿದೆ; ಅದು ಒಳಗಿನ ಸೀಲನ್ನು ಹರಿದು ಎಣ್ಣೆ ಸೋರಿಸುತ್ತದೆ. ತೋಳಿನ ಬೂಮ್‌ಗೆ ಹಾಕಿದ ವೆಲ್ಡಿಂಗ್ ತೇಪೆಯನ್ನು ಬಣ್ಣದಡಿಯಲ್ಲೂ ಅವನ ಬೆರಳು ಪತ್ತೆಹಚ್ಚುತ್ತದೆ. ವರ್ಷಗಟ್ಟಲೆ ಗ್ರೀಸಿನಲ್ಲಿ ಪಳಗಿದ ಕೈಗಷ್ಟೇ ಬರುವ ವಿದ್ಯೆ ಇದು.

ಇಷ್ಟಾದ ಮೇಲೆಯೇ ಆರ್‌ಸಿ, ಫೈನಾನ್ಸಿನ ಎನ್‌ಒಸಿ ಕೇಳುವುದು. ಚಾಸಿ ನಂಬರನ್ನು ಪ್ಲೇಟಿನಲ್ಲಿ ಓದಿ ಸುಮ್ಮನಾಗುವುದಿಲ್ಲ. ಚಾಸಿಯ ಮೇಲೆ ಕೊರೆದಿರುವ ಜಾಗದ ಮಣ್ಣು ಉಜ್ಜಿ, ಒಂದೊಂದೇ ಅಂಕಿ ತಾಳೆ ನೋಡುತ್ತಾನೆ.