ಕೊಡಗಿನ ಪುಸ್ತಕ ಕೇಳಿದವರಿಗೆ

ಕೊಡಗಿನ ಬಗ್ಗೆ ಓದಲು ಒಂದು ಒಳ್ಳೆಯ ಪುಸ್ತಕ ಹೇಳಿ ಎಂದರೆ ಕನ್ನಡದ ಓದುಗರು ಹೆಚ್ಚು ಯೋಚಿಸುವುದಿಲ್ಲ. ‘ಚಿಕವೀರ ರಾಜೇಂದ್ರ’ ಎಂಬ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ. ಮಾಸ್ತಿಯವರ ಹೆಸರಿದೆ, 1983ರ ಜ್ಞಾನಪೀಠದ ನೆನಪಿದೆ, ಕಥಾವಸ್ತು ಕೊಡಗಿನದೇ. ಹೇಳಿದವರಿಗೂ ಕೆಲಸ ಮುಗಿಯಿತು, ಕೇಳಿದವರಿಗೂ ಸಮಾಧಾನ. ಆದರೆ ಹೀಗೆ ಹೇಳುವುದು ಓದಿನಿಂದ ಬಂದ ಮಾತೋ, ರೂಢಿಯಿಂದ ಬಂದ ಮಾತೋ ಎಂದು ವಿಚಾರಿಸುವವರು ಕಡಿಮೆ. ವರ್ಷದ ಕೊನೆಗೆ ಕಾಣಿಸಿಕೊಳ್ಳುವ ‘ನಾನು ಈಚೆಗೆ ಓದಿದ ಪುಸ್ತಕಗಳು’ ಎಂಬ ಪಟ್ಟಿಗಳಲ್ಲೂ ಇದೇ ಕತೆ: ಹತ್ತು ಹೆಸರು, ಹತ್ತಕ್ಕೂ ‘ಓದಲೇಬೇಕಾದ ಕೃತಿ’ ಎಂಬ ಒಂದೇ ಷರಾ. ಯಾರು ಓದಬೇಕು, ಯಾತಕ್ಕೆ ಓದಬೇಕು, ಎಲ್ಲಿ ಎಡವುವ ಸಂಭವವಿದೆ ಎಂಬ ಮಾತಿಲ್ಲ. ಪುಸ್ತಕವೊಂದನ್ನು ಇನ್ನೊಬ್ಬರ ಕೈಗೆ ಕೊಡುವುದು ವಿಮರ್ಶೆಯ ಅತಿ ಚಿಕ್ಕ ರೂಪ. ವಿಮರ್ಶೆಗೆ ಇರಬೇಕಾದ ಜವಾಬ್ದಾರಿ ಅದಕ್ಕೂ ಇರಬೇಕು. ಈ ಅಳತೆಗೋಲು ಹಿಡಿದು ನೋಡಿದರೆ, ಕೊಡಗಿನ ಮಟ್ಟಿಗೆ ಮೊದಲು ಕೊಡಬೇಕಾದ ಪುಸ್ತಕ ಮಾಸ್ತಿಯವರದಲ್ಲ, 27ನೇ ವಯಸ್ಸಿಗೆ ತೀರಿಕೊಂಡ ಗೌರಮ್ಮನವರದು ಎಂಬುದು ನನ್ನ ವಾದ.

‘ಚಿಕವೀರ ರಾಜೇಂದ್ರ’ ಸಣ್ಣ ಕೃತಿ ಎಂದು ಇದರ ಅರ್ಥವಲ್ಲ. ಒಂದು ರಾಜ್ಯ ಒಳಗಿನಿಂದ ಹೇಗೆ ಕುಸಿಯುತ್ತದೆ ಎಂಬುದನ್ನು ಇಷ್ಟು ನಿಧಾನವಾಗಿ, ಇಷ್ಟು ಸಂಯಮದಿಂದ ಹೇಳಿದ ಕಾದಂಬರಿ ಕನ್ನಡದಲ್ಲಿ ಅಪರೂಪ. ದುಷ್ಟನಾದ ದೊರೆಯನ್ನೂ ಮಾಸ್ತಿ ಕೈಬಿಡುವುದಿಲ್ಲ. ಅವನ ಕ್ರೌರ್ಯದ ಹಿಂದಿನ ಹಾಳಾದ ಬಾಲ್ಯವನ್ನು ಕಾಣಿಸುತ್ತಾರೆ. ರಾಣಿಯ ಘನತೆ, ಕುಂಟ ಬಸವನ ಮೇಲಿನ ದೊರೆಯ ಅವಲಂಬನೆ, ಬೋಪಣ್ಣನಂಥ ಮಂತ್ರಿಯ ಇಕ್ಕಟ್ಟು, ಯಾವುದೂ ಬೇಗ ಮರೆಯುವಂಥದ್ದಲ್ಲ. ಆದರೂ ಈ ಕಾದಂಬರಿ ನೋಡುವುದು ಅರಮನೆಯ ಕಿಟಕಿಯಿಂದ. ಗದ್ದೆಯಲ್ಲಿ ದುಡಿಯುವವನು, ಕಾಡಿನಂಚಿನ ಹಾಡಿಯಲ್ಲಿ ಇರುವವನು ಅದರೊಳಗೆ ಪ್ರಜೆ ಮಾತ್ರ, ಪಾತ್ರವಲ್ಲ. ಇನ್ನೊಂದು ತೊಡಕು ಇತಿಹಾಸದ್ದು. 1834ರ ಮೇ ತಿಂಗಳಲ್ಲಿ ಕಂಪನಿ ಸರಕಾರ ಕೊಡಗನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ದೊರೆಯ ಅನಾಚಾರದ ಬಗ್ಗೆ ನಮಗೆ ಸಿಕ್ಕ ದಾಖಲೆಗಳಲ್ಲಿ ಬಹುಪಾಲು ಗೆದ್ದವರು ಬರೆದಿಟ್ಟವು, ಗೆದ್ದದ್ದನ್ನು ಸಮರ್ಥಿಸಿಕೊಳ್ಳಬೇಕಾದ ಅಗತ್ಯ ಅವರಿಗಿತ್ತು. ಕಾದಂಬರಿಕಾರನಿಗೆ ಇದು ದೋಷವಲ್ಲ. ಆದರೆ ಕೊಡಗನ್ನು ತಿಳಿಯಬೇಕೆಂದು ಬಂದವರಿಗೆ ಈ ಎಚ್ಚರಿಕೆಯ ಮಾತು ಇಲ್ಲದೆ ಪುಸ್ತಕ ಕೊಡುವುದು ಕೊಟ್ಟವರ ದೋಷ. ಕಾದಂಬರಿ ಹೊರಬಂದದ್ದು 1956ರಲ್ಲಿ. ಅದೇ ವರ್ಷ ನವೆಂಬರ್ 1ರಂದು, ಸಿ.ಎಂ. ಪೂಣಚ್ಚನವರು ಮುಖ್ಯಮಂತ್ರಿಯಾಗಿದ್ದ ಪುಟ್ಟ ಕೊಡಗು ರಾಜ್ಯ ವಿಶಾಲ ಮೈಸೂರಿನಲ್ಲಿ ಸೇರಿಹೋಯಿತು. ಇದು ಕಾಕತಾಳೀಯವೇ ಸರಿ. ಆದರೂ ಮಡಿಕೇರಿಯ ಓದುಗರೊಬ್ಬರು ರಾಜ್ಯ ಕಳೆದುಕೊಂಡ ಕತೆಯನ್ನು ಆ ವರ್ಷ ಓದುವುದಕ್ಕೂ ಬೆಂಗಳೂರಿನವರೊಬ್ಬರು ಓದುವುದಕ್ಕೂ ವ್ಯತ್ಯಾಸ ಇದ್ದಿರಲೇಬೇಕು.

ಮಾಸ್ತಿಯವರನ್ನೇ ಓದಬೇಕೆಂದು ಹಟ ಹಿಡಿದವರಿಗೆ ಜೊತೆಗೆ ನಿರಂಜನರನ್ನೂ ಕೊಡುವುದು ಸರಿಯಾದ ಕ್ರಮ. ರಾಜ್ಯ ಹೋದ ಮೇಲೆ ಏನಾಯಿತು ಎಂಬ ಪ್ರಶ್ನೆಯನ್ನು ಎತ್ತಿಕೊಂಡವರು ಅವರು. ಕೊಡಗಿನ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳು ದಕ್ಷಿಣ ಕನ್ನಡಕ್ಕೆ ಸೇರಿ, ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕಟ್ಟಬೇಕಾಗಿ ಬಂದಾಗ ರೈತರು 1837ರಲ್ಲಿ ದಂಗೆಯೆದ್ದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ‘ಕಲ್ಯಾಣಸ್ವಾಮಿ’, ‘ಸ್ವಾಮಿ ಅಪರಂಪಾರ’ ಎಂಬ ಎರಡು ಕಾದಂಬರಿಗಳಲ್ಲಿ ನಿರಂಜನ ಈ ಕಾಲಕ್ಕೆ ಬರುತ್ತಾರೆ. ಮಾಸ್ತಿಯವರ ಮಾಗಿದ ಸಮತೋಲ ಅವರಲ್ಲಿಲ್ಲ, ಪಕ್ಷಪಾತ ಎದ್ದು ಕಾಣುತ್ತದೆ; ಆದರೆ ಅರಮನೆಯ ಹೊರಗಿನ ಜನ ಅಲ್ಲಿ ಕೈಯಲ್ಲಿ ಆಯುಧ ಹಿಡಿದು ನಿಂತಿದ್ದಾರೆ. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುತ್ತಾರೆ. ಭಾರತೀಸುತರ ಕಾದಂಬರಿಗಳ ವಿಷಯ ಬೇರೆ: ‘ಎಡಕಲ್ಲು ಗುಡ್ಡದ ಮೇಲೆ’ ಎಂದೊಡನೆ ಜನಕ್ಕೆ ಪುಟ್ಟಣ್ಣ ಕಣಗಾಲರ ಸಿನಿಮಾ ನೆನಪಾಗುತ್ತದೆ, ಪುಸ್ತಕ ಅದರ ಹಿಂದೆ ಮರೆಯಾಗಿಬಿಟ್ಟಿದೆ.

ಹಾಗಾದರೆ ನಿಜವಾದ ಕೊಡಗಿನ ಪುಸ್ತಕ ‘ಪಟ್ಟೋಲೆ ಪಳಮೆ’ ಅಲ್ಲವೇ ಎಂದು ಬಲ್ಲವರು ಕೇಳುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ಅಲೆದು ಕೂಡಿಸಿದ ಹಾಡು, ಗಾದೆ, ಪದ್ಧತಿಗಳ ಈ ಸಂಗ್ರಹ 1924ರಲ್ಲಿ ಅಚ್ಚಾಯಿತು. ಒಂದು ಸಮುದಾಯದ ಜಾನಪದವನ್ನು ಅದೇ ಸಮುದಾಯದವರೊಬ್ಬರು ಅಷ್ಟು ಹಿಂದೆಯೇ ಅಷ್ಟು ಶ್ರದ್ಧೆಯಿಂದ ದಾಖಲಿಸಿದ್ದು ಸಾಮಾನ್ಯ ಸಂಗತಿಯಲ್ಲ. ಮದುವೆಯಲ್ಲೋ ಪುತ್ತರಿಯಲ್ಲೋ ದುಡಿ ಬಡಿದು ಹಾಡುವವರು ಇವತ್ತಿಗೂ ಅದರ ಋಣದಲ್ಲಿದ್ದಾರೆ. ಆದರೆ ಇದನ್ನು ಹೊಸಬರಿಗೆ ಮೊದಲ ಪುಸ್ತಕವಾಗಿ ಕೊಡುವುದು ಭಕ್ತಿಯ ಕೆಲಸ, ಬುದ್ಧಿಯದಲ್ಲ. ಲಿಪಿ ಕನ್ನಡದ್ದಾದ್ದರಿಂದ ಕನ್ನಡಿಗರು ಪ್ರತಿ ಅಕ್ಷರವನ್ನೂ ಗಟ್ಟಿಯಾಗಿ ಓದಬಲ್ಲರು. ಕೊಡವ ತಕ್ಕ್ ಬಾರದೆ ಹಾಡು ಮಾತ್ರ ದಕ್ಕುವುದಿಲ್ಲ. ಮೇಲಾಗಿ ಆ ಹಾಡುಗಳು ನಾಲ್ವರು ಕೂಡಿ ಹಾಡಲಿಕ್ಕೆ ಇರುವಂಥವು, ಪುಟದ ಮೇಲೆ ಕಣ್ಣಾಡಿಸಿ ಮುಗಿಸಲಿಕ್ಕಲ್ಲ. ಚಿಣ್ಣಪ್ಪನವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ 2003ರಲ್ಲಿ ಇಂಗ್ಲಿಷ್ ಅನುವಾದ ಹೊರತಂದದ್ದರಿಂದ ಅರ್ಥದ ದಾರಿ ತೆರೆದಿದೆ, ನಿಜ. ಆದರೆ ಹಾಡನ್ನು ಒಮ್ಮೆ ಕೇಳಿಸಿಕೊಂಡು ಆಮೇಲೆ ಪುಸ್ತಕಕ್ಕೆ ಬಂದರೆ ಮಾತ್ರ ಅದು ತೆರೆದುಕೊಳ್ಳುತ್ತದೆ. ಎಂ.ಎನ್. ಶ್ರೀನಿವಾಸರ 1952ರ ಅಧ್ಯಯನಕ್ಕೂ ಇದೇ ಮಾತು ಸಲ್ಲುತ್ತದೆ: ದೊಡ್ಡ ಕೃತಿ, ಸಂಸ್ಕೃತೀಕರಣದ ಚರ್ಚೆಗೆ ಬುನಾದಿ ಹಾಕಿದ ಕೃತಿ, ಆದರೆ ಎರಡನೆಯದೋ ಮೂರನೆಯದೋ ಆಗಿ ಓದಬೇಕಾದದ್ದು.

ಈಗ ಗೌರಮ್ಮ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ಮದುವೆಯಾಗಿ ಸುಂಟಿಕೊಪ್ಪದ ಬಳಿಯ ತೋಟದಲ್ಲಿ ನೆಲೆಸಿ, 1939ರ ಏಪ್ರಿಲ್‌ನಲ್ಲಿ ಹೊಳೆಯಲ್ಲಿ ಈಜಲು ಇಳಿದಾಗ ಮುಳುಗಿ ತೀರಿಕೊಂಡವರು. ಮಿಸೆಸ್ ಬಿ.ಟಿ.ಜಿ. ಕೃಷ್ಣ ಎಂದು ಸಹಿ ಹಾಕಿ ಬರೆಯುತ್ತಿದ್ದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಅವರು ತನ್ನ ಮನೆಗೆ ಬರಲೇಬೇಕೆಂದು ಉಪವಾಸ ಕೂತು, ಬಂದ ಮೇಲೆ ಮೈಮೇಲಿನ ಒಡವೆ ಬಿಚ್ಚಿಕೊಟ್ಟ ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ. ಕತೆಗಳಿಗಿಂತ ಈ ಪ್ರಸಂಗವೇ ಹೆಚ್ಚು ಪ್ರಚಾರವಾಗಿರುವುದು ಲೇಖಕಿಗೆ ಆಗಿರುವ ಅನ್ಯಾಯ. ಉಳಿದಿರುವುದು ‘ಕಂಬನಿ’, ‘ಚಿಗುರು’ ಎಂಬ ಎರಡು ತೆಳು ಸಂಕಲನಗಳು. ‘ವಾಣಿಯ ಸಮಸ್ಯೆ’ಯನ್ನೇ ತೆಗೆದುಕೊಳ್ಳಿ. ಎಳೆಯ ವಯಸ್ಸಿನ ವಿಧವೆ ಇಂದು, ನೆರೆಮನೆಯ ವಾಣಿ, ವಾಣಿಯ ಗಂಡ: ಮೂವರಲ್ಲಿ ಕೆಟ್ಟವರು ಯಾರೂ ಇಲ್ಲ. ಆಗಬಾರದ್ದು ಏನೂ ಆಗುವುದಿಲ್ಲ, ಆದರೆ ಆಗಬಹುದಾದದ್ದರ ನೆರಳು ಮನೆಯೊಳಗೆ ಬಿದ್ದುಬಿಡುತ್ತದೆ. ವಾಣಿಗೆ ಅರ್ಥವಾಗದ್ದು ಓದುಗರಿಗೆ ಅರ್ಥವಾಗುತ್ತದೆ, ಅದನ್ನು ಲೇಖಕಿ ಬಾಯಿಬಿಟ್ಟು ಹೇಳುವುದೇ ಇಲ್ಲ. ಇನ್ನೊಂದು ಕತೆಯ ಹೆಸರೇ ‘ಅಪರಾಧಿ ಯಾರು?’ ತೀರ್ಪು ಕೊಡುವ ಅಧಿಕಾರ ಊರಿಗೆ, ಮಠಕ್ಕೆ, ಗಂಡಸರಿಗೆ ಮಾತ್ರ ಇದ್ದ ಕಾಲದಲ್ಲಿ ಆಕೆ ತೀರ್ಪನ್ನು ಓದುವವರ ಕೈಗೆ ಬಿಟ್ಟರು. ವಿಧವೆಯ ಬಗ್ಗೆ ಕನಿಕರ ಹುಟ್ಟಿಸುವ ಬರವಣಿಗೆ ಆಗ ಕನ್ನಡದಲ್ಲಿ ಬೇಕಾದಷ್ಟಿತ್ತು. ವಿಧವೆಗೂ ಬಯಕೆ ಇದೆ, ಬುದ್ಧಿ ಇದೆ, ತನ್ನ ದಾರಿ ತಾನೇ ಆರಿಸಿಕೊಳ್ಳುವ ಛಲ ಇದೆ ಎಂದು ಗದ್ದಲವಿಲ್ಲದೆ ಬರೆದವರು ಕೆಲವರೇ.

ಈ ಆಯ್ಕೆಗೆ ಬರುವ ಮೊದಲ ಆಕ್ಷೇಪ ನನಗೂ ಗಟ್ಟಿಯಾಗಿಯೇ ಕಾಣುತ್ತದೆ: ಆ ಕತೆಗಳಲ್ಲಿ ಕೊಡಗು ಎಲ್ಲಿದೆ? ಕಾಫಿ ಹೂವಿಲ್ಲ, ಮಂಜಿಲ್ಲ, ಕುಪ್ಯಚೇಲೆ ಪೀಚೆಕತ್ತಿಗಳಿಲ್ಲ, ಐನ್‌ಮನೆ ಇಲ್ಲ. ಹೆಚ್ಚಿನವು ಬ್ರಾಹ್ಮಣ ಮನೆಗಳ ಒಳಗಿನ ಕತೆಗಳು. ಮೈಸೂರಿನಲ್ಲೋ ಧಾರವಾಡದಲ್ಲೋ ನಡೆದಿದ್ದರೂ ನಡೆಯುತ್ತಿತ್ತು. ಒಪ್ಪಬೇಕಾದ ಮಾತು, ಅರ್ಧದಷ್ಟು. ಆದರೆ ಕೊಡಗಿನ ಪುಸ್ತಕದಲ್ಲಿ ಮಂಜು ಇರಲೇಬೇಕು ಎಂಬುದು ವಾರಾಂತ್ಯಕ್ಕೆ ಬಂದು ಹೋಗುವವರ ಬೇಡಿಕೆ. ಕೊಡವರು, ಅರೆಭಾಷೆ ಗೌಡರು, ಬ್ರಾಹ್ಮಣರು, ಮಾಪಿಳ್ಳೆಗಳು, ಯರವರು, ಕುರುಬರು, ತೋಟದ ಲೈನುಮನೆಗಳಲ್ಲಿ ಬಾಳುವವರು, ಇಷ್ಟು ಜನ ಇರುವ ನಾಡಿನಲ್ಲಿ ಯಾವ ಒಂದು ಪುಸ್ತಕವೂ ಇಡೀ ಕೊಡಗಾಗಲಾರದು. ಹೊರಗಿನ ವೇಷಭೂಷಣ ಕಾಣಿಸುವ ಪುಸ್ತಕಗಳಿಗೆ ಬರವಿಲ್ಲ. ಒಳಕೋಣೆಯ ಮಾತು ಕೇಳಿಸುವ ಪುಸ್ತಕಗಳಿಗೆ ಇದೆ. ಎರಡನೆಯ ಆಕ್ಷೇಪ ಕಲೆಗಾರಿಕೆಯದು. ಗೌರಮ್ಮ ಇನ್ನೂ ಕಲಿಯುತ್ತಿದ್ದರು. ಆಕಸ್ಮಿಕಗಳ ಮೇಲೆ ಭಾರ ಹಾಕುತ್ತಾರೆ, ಕೆಲವು ಮುಕ್ತಾಯಗಳು ಅವಸರದವು, ಕಣ್ಣೀರು ಹಲವು ಕಡೆ ಅಗತ್ಯಕ್ಕಿಂತ ಹೆಚ್ಚು. ಮಾಸ್ತಿಯವರ ಪಕ್ಕ ಇಟ್ಟರೆ ಕಸುಬಿನಲ್ಲಿ ಆಕೆ ಹಿಂದೆ. ಆದರೆ ಪುಸ್ತಕ ಹೇಳುವುದೆಂದರೆ ಅಂಕ ಕೊಟ್ಟು ಸಾಲಾಗಿ ನಿಲ್ಲಿಸುವುದಲ್ಲ. ಓದಿ ಮುಗಿಸಿದವರು ಇನ್ನೊಂದು ಪುಸ್ತಕದ ಕಡೆಗೆ ಕೈ ಚಾಚುತ್ತಾರೋ ಇಲ್ಲವೋ ಎಂದು ನೋಡುವುದು. ಅರ್ಧ ಗಂಟೆಯಲ್ಲಿ ಮುಗಿಯುವ, ಮುಗಿದ ಮೇಲೂ ವಾದಕ್ಕೆ ಎಡೆ ಇಡುವ ಕತೆ ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಕುಂದನ್ನೂ ಹೇಳಿ ಕೊಟ್ಟರೆ ಯಾರು ಓದುತ್ತಾರೆ ಎಂದು ಕೇಳುವವರಿದ್ದಾರೆ. ಹತ್ತಕ್ಕೆ ಹತ್ತನ್ನೂ ಹೊಗಳಿದವರ ಹನ್ನೊಂದನೆಯ ಮಾತನ್ನು ಯಾರು ನಂಬುತ್ತಾರೆ ಎಂಬುದೇ ಅದಕ್ಕೆ ಉತ್ತರ.

ಗೌರಮ್ಮನವರ ಹೆಸರು ಈಚೆಗೆ ಮತ್ತೆ ಕೇಳಿಬರಲು ಕಾರಣ ಕನ್ನಡದ ವಿಮರ್ಶಕರಲ್ಲ, ಇಂಗ್ಲಿಷ್ ಅನುವಾದ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಮಡಿಕೇರಿಯವರೇ ಆದ ದೀಪಾ ಭಾಸ್ತಿ 2023ರಲ್ಲಿ ‘ಫೇಟ್ಸ್ ಗೇಮ್ ಅಂಡ್ ಅದರ್ ಸ್ಟೋರೀಸ್’ ಎಂಬ ಹೆಸರಿನಲ್ಲಿ ಆ ಕತೆಗಳನ್ನು ಇಂಗ್ಲಿಷಿಗೆ ತಂದರು. ಬಾನು ಮುಷ್ತಾಕರ ಹನ್ನೆರಡು ಕತೆಗಳ ಅವರ ಅನುವಾದ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬುಕರ್ ಪಡೆಯಿತು. ಸಣ್ಣಕತೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆಮೇಲೆ ಎಲ್ಲ ಪಟ್ಟಿಗಳಲ್ಲೂ ಅದೇ ಪುಸ್ತಕ. ಸಂತೋಷವೇ. ಆದರೆ ಅದನ್ನು ಕನ್ನಡ ಬಲ್ಲವರಿಗೆ ಇಂಗ್ಲಿಷಿನಲ್ಲಿ ಓದಿ ಎಂದು ಕನ್ನಡದಲ್ಲೇ ಹೇಳುವ ವಿಚಿತ್ರವೂ ನಡೆಯಿತು. ಕೊಡಗಿನಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬೆಳೆದು ಕನ್ನಡ ಪುಸ್ತಕ ಕೈಗೆತ್ತಿಕೊಳ್ಳದ ತಲೆಮಾರು ಇದೆ. ಅವರಿಗೆ ದೀಪಾ ಅವರ ಅನುವಾದ ಕೊಡುವುದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ, ಅವರ ಮಟ್ಟಿಗೆ ಅದೇ ಹತ್ತಿರದ ಬಾಗಿಲು. ಕನ್ನಡ ಓದಬಲ್ಲವರಿಗೆ ಮಾತ್ರ ಮೂಲವನ್ನೇ ಕೊಡಬೇಕು. 1930ರ ದಶಕದ ಮಡಿಕೇರಿಯ ಹೆಣ್ಣುಮಗಳೊಬ್ಬಳು ಬರೆದ, ಆಡುಮಾತಿಗೆ ಅಷ್ಟು ಹತ್ತಿರವಾದ ಗದ್ಯ ಅನುವಾದದಲ್ಲಿ ಎಷ್ಟೇ ಜಾಣ್ಮೆಯಿದ್ದರೂ ಪೂರ್ತಿ ಉಳಿಯುವುದಿಲ್ಲ.

ಕೊಡಗು ಜಿಲ್ಲಾ ಕನ್ನಡ ಸಾಹಿತ್ಯ ಪರಿಷತ್ತು ಲೇಖಕಿಯರಿಗೆ ಗೌರಮ್ಮನವರ ಹೆಸರಿನ ದತ್ತಿ ಪ್ರಶಸ್ತಿ ಕೊಡುತ್ತದೆ. ಡಿ.ವಿ. ಗುಂಡಪ್ಪನವರ ಅಧ್ಯಕ್ಷತೆಯಲ್ಲಿ 1932ರಲ್ಲಿ, ಶಂಬಾ ಜೋಶಿಯವರ ಅಧ್ಯಕ್ಷತೆಯಲ್ಲಿ 1981ರಲ್ಲಿ, ನಾ. ಡಿಸೋಜರ ಅಧ್ಯಕ್ಷತೆಯಲ್ಲಿ 2014ರಲ್ಲಿ ಮೂರು ಬಾರಿ ಸಾಹಿತ್ಯ ಸಮ್ಮೇಳನ ಕಂಡ ಊರು ಮಡಿಕೇರಿ. ಹೆಸರು ಉಳಿಸುವ ಕೆಲಸ ಆಗಿದೆ, ಪುಸ್ತಕ ಕೈಗೆ ಸಿಗುವಂತೆ ಮಾಡುವ ಕೆಲಸ ಬಾಕಿ ಇದೆ. ಸಿಗದ ಪುಸ್ತಕವನ್ನು ಓದಿ ಎನ್ನುವುದು ನಾವು ಓದಿದ್ದೇವೆಂದು ಜಂಬ ಕೊಚ್ಚಿಕೊಂಡಂತೆ. ಅದಕ್ಕೇ ಸಹ ಓದುಗರಲ್ಲಿ ಒಂದು ಕೋರಿಕೆ: ಇನ್ನೊಮ್ಮೆ ಯಾರಾದರೂ ಕೊಡಗಿನ ಪುಸ್ತಕ ಕೇಳಿದರೆ ಪಟ್ಟಿ ಕೊಡಬೇಡಿ. ನಿಮ್ಮಲ್ಲಿ ‘ಕಂಬನಿ’ಯ ಪ್ರತಿ ಇದ್ದರೆ ಅದನ್ನೇ ಕೊಡಿ, ‘ವಾಣಿಯ ಸಮಸ್ಯೆ’ಯಿಂದ ಶುರುಮಾಡಲು ಹೇಳಿ, ಯಾವ ಕತೆ ಸೋಲುತ್ತದೆ ಎಂಬುದನ್ನೂ ಹೇಳಿ. ‘ಚಿಕವೀರ ರಾಜೇಂದ್ರ’ ಆಮೇಲೆ ಓದಬಹುದು. ಅದು ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ.