ಮೂರು ಭಾಗದ ಪ್ರಬಂಧ, ಇಪ್ಪತ್ತು ಅಂಕದ ತಕ್ಕಡಿ

'ಪ್ರಭುತ್ವ ನಮಗೆ ಸಲ್ಲಿಸಬೇಕಾದ ಋಣವೇನಾದರೂ ಉಂಟೆ?' 2024ರ ಜೂನ್ 18ರಂದು ಫ್ರಾನ್ಸಿನಲ್ಲಿ, ಪ್ರೌಢ ವ್ಯಾಸಂಗ ಮುಗಿಸುತ್ತಿದ್ದ ಹದಿನೇಳು ಹದಿನೆಂಟರ ಹುಡುಗ ಹುಡುಗಿಯರ ಮುಂದೆ ಇಟ್ಟ ಪ್ರಶ್ನೆಗಳಲ್ಲಿ ಇದೊಂದು. ಸತ್ಯಕ್ಕಾಗಿ ನಮಗಿರುವ ಹಂಬಲವನ್ನು ವಿಜ್ಞಾನ ತಣಿಸಬಲ್ಲುದೆ ಎಂಬುದು ಇನ್ನೊಂದು. ಎರಡೂ ಬೇಡವೆನ್ನುವವರಿಗೆ ವಿವರಿಸಲು ಸಿಮೋನ್ ವೇಯ್ ಬರೆದ ಒಂದು ಗದ್ಯಭಾಗ. ಮೂರರಲ್ಲಿ ಒಂದನ್ನು ಆರಿಸಿಕೊಂಡು ನಾಲ್ಕು ಗಂಟೆ ಬರೆಯಬೇಕು. 'ಲಘು ಟಿಪ್ಪಣಿ ಬರೆಯಿರಿ' ಎಂಬ ಆಪದ್ಬಾಂಧವ ಅಲ್ಲಿಲ್ಲ.

ಬಾಕಲೊರೆಯಾ ಎಂಬ ಈ ಪರೀಕ್ಷೆಗೆ ಇಂದಿನ ರೂಪದ ಬುನಾದಿ ಹಾಕಿದವನು ನೆಪೋಲಿಯನ್, 1808ರಲ್ಲಿ. ತತ್ತ್ವಶಾಸ್ತ್ರ ಅದರಲ್ಲಿ ಐಚ್ಛಿಕ ವಿಷಯವಲ್ಲ. ಮುಂದೆ ಗಣಿತ ಓದುವವನೂ ವ್ಯಾಪಾರಕ್ಕೆ ಹೋಗುವವಳೂ ಬರೆಯಲೇಬೇಕು. ಸಾಮಾನ್ಯ ವಿಭಾಗದಲ್ಲಿ ಒಟ್ಟು ತೂಕ ನೂರಾದರೆ ಇದರ ಪಾಲು ಎಂಟು. ಗುರುತು ಮರೆಮಾಡಿದ ಉತ್ತರಪತ್ರಿಕೆಯನ್ನು ಒಬ್ಬ ಅಧ್ಯಾಪಕರು ಓದಿ ಇಪ್ಪತ್ತಕ್ಕೆ ಇಷ್ಟೆಂದು ಬರೆಯುತ್ತಾರೆ. ಒಂದು ದೇಶ ತನ್ನ ಎಳೆಯರನ್ನೆಲ್ಲ ಒಂದು ಬೆಳಿಗ್ಗೆ ಕೂರಿಸಿ ಯೋಚಿಸಲು ಹೇಳುತ್ತದೆಯೆಂಬುದೇ ನನಗೆ ದೊಡ್ಡ ಮಾತಾಗಿ ತೋರುತ್ತದೆ. ಆದರೆ ಅವರು ಬರೆಯುವ ಪ್ರಬಂಧದ ಆಕಾರವನ್ನೂ ಅದನ್ನು ತೂಗುವ ತಕ್ಕಡಿಯನ್ನೂ ನೋಡಿದಾಗ ಮೆಚ್ಚುಗೆಯ ಜೊತೆಗೆ ಅನುಮಾನವೂ ಹುಟ್ಟುತ್ತದೆ.

ಆಕಾರ ಬಹುಮಟ್ಟಿಗೆ ಗೊತ್ತಾದದ್ದೇ. ಪೀಠಿಕೆಯಲ್ಲಿ ಪ್ರಶ್ನೆಯೊಳಗಿನ ತೊಡಕನ್ನು ಬಿಡಿಸಿ ತೋರಿಸಬೇಕು; ಮುಂದೆ ಹಿಡಿಯುವ ದಾರಿಯನ್ನು ಸೂಚಿಸಬೇಕು. ಆಮೇಲೆ ಸಾಮಾನ್ಯವಾಗಿ ಮೂರು ಭಾಗ: ವಾದ, ಪ್ರತಿವಾದ, ಸಮನ್ವಯ. ಕೊನೆಗೆ ಉಪಸಂಹಾರ. ಮೂರೇ ಇರಬೇಕೆಂದು ಯಾವ ಶಾಸನವೂ ಇಲ್ಲ, ಆದರೆ ರೂಢಿ ಶಾಸನಕ್ಕಿಂತ ಗಟ್ಟಿ. ಪ್ರಶ್ನೆಯನ್ನು ಬಿಟ್ಟು ಅದರ ನೆರೆಮನೆಯ ಪ್ರಶ್ನೆಗೆ ಉತ್ತರಿಸುವುದು ಅಲ್ಲಿ ಮಹಾಪರಾಧ; ಎಷ್ಟು ಚೆನ್ನಾಗಿ ಬರೆದರೂ ಅಂಕ ಬೀಳುತ್ತದೆ.

ಋಣದ ಪ್ರಶ್ನೆಯನ್ನೇ ಹಿಡಿದು ನೋಡೋಣ. ಸೋಮಾರಿ ಪ್ರಬಂಧ ಹೀಗೆ ಸಾಗುತ್ತದೆ: ಹೌದು, ಪ್ರಭುತ್ವ ನಮಗೆ ರಕ್ಷಣೆ, ಶಾಲೆ, ಆಸ್ಪತ್ರೆಗಳನ್ನು ಕೊಡಬೇಕು, ಇಲ್ಲ, ಎಲ್ಲವನ್ನೂ ಅದರಿಂದಲೇ ಬೇಡಿದರೆ ನಾವು ಮೈಗಳ್ಳರಾಗುತ್ತೇವೆ, ಆದ್ದರಿಂದ ಸ್ವಲ್ಪ ಕೊಡಬೇಕು, ಸ್ವಲ್ಪ ಕೊಡಬಾರದು. ಮೂರು ಭಾಗವೂ ಇದೆ, ಯೋಚನೆ ಒಂದೂ ಇಲ್ಲ. ಅದೇ ಮೂರು ಭಾಗದಲ್ಲಿ ಬೇರೆಯ ಬಗೆಯೂ ಸಾಧ್ಯ. ಋಣವೆಂದರೆ ಮೊದಲು ಯಾರೋ ಏನನ್ನೋ ಕೊಟ್ಟಿರಬೇಕು. ನಾವು ಕೊಟ್ಟದ್ದೇನು? ವಿಧೇಯತೆ, ಎಂದಾನು ಹಾಬ್ಸ್. ಅದಕ್ಕೆ ಪ್ರತಿಯಾಗಿ ಜೀವಭಯದಿಂದ ಬಿಡುಗಡೆ. ಇದು ಮೊದಲ ಭಾಗ. ಎರಡನೆಯದು ಬರಿಯ 'ಇಲ್ಲ' ಆಗಬೇಕಾಗಿಲ್ಲ. ಅದು ಮೊದಲನೆಯದರ ಬುಡಕ್ಕೇ ಕೈ ಹಾಕಬಹುದು. ಸಾಲ ಪಡೆದವನೂ ಕೊಟ್ಟವನೂ ಬೇರೆ ಬೇರೆಯಾಗಿದ್ದರೆ ತಾನೆ ಋಣ? ರೂಸೋ ಹೇಳುವಂತೆ ಪರಮಾಧಿಕಾರ ಜನಸಮುದಾಯದ್ದೇ ಆದರೆ, ನಮಗೆ ನಾವೇ ಸಾಲಗಾರರಾಗುವುದು ಹೇಗೆ? ಮೂರನೆಯ ಭಾಗ ಇವೆರಡರ ನಡುವೆ ಅರ್ಧರ್ಧ ಹಂಚಿಕೊಂಡು ಕೂರಬಾರದು. ಆಳುವ ಕೈಯೂ ಆಳಿಸಿಕೊಳ್ಳುವ ಮೈಯೂ ದಿನದ ವ್ಯವಹಾರದಲ್ಲಿ ಒಂದಾಗಿರುವುದಿಲ್ಲವಾದ್ದರಿಂದ ಪ್ರಭುತ್ವ ನಮಗೆ ಸಲ್ಲಿಸಬೇಕಾದದ್ದು ಮೊದಲಿಗೆ ವಸ್ತುವಲ್ಲ, ಲೆಕ್ಕ. ಮಾಡಿದ್ದಕ್ಕೆ ಕಾರಣ ಹೇಳುವ ಹೊಣೆ. ಇಲ್ಲಿಗೆ ಬಂದವನು ಹೊರಟ ಜಾಗದಲ್ಲಿಲ್ಲ. ಈ ಉತ್ತರ ಸರಿಯೆಂದು ನಾನು ಸಾಧಿಸುತ್ತಿಲ್ಲ. ಹೊರಗಿನಿಂದ ಎರಡೂ ಪ್ರಬಂಧಗಳ ಅಸ್ಥಿಪಂಜರ ಒಂದೇ ಎಂಬುದಷ್ಟೇ ನನ್ನ ಮಾತು.

ಈ ಅಸ್ಥಿಪಂಜರವನ್ನು ಗೇಲಿ ಮಾಡಿದವರಲ್ಲಿ ಕ್ಲೋದ್ ಲೆವಿ-ಸ್ತ್ರಾಸ್ ಪ್ರಸಿದ್ಧ. ತಾನೂ ತತ್ತ್ವಶಾಸ್ತ್ರದಲ್ಲೇ ಪಳಗಿ ಮಾನವಶಾಸ್ತ್ರಕ್ಕೆ ಹೋದವನು. 1955ರ 'ತ್ರಿಸ್ತ್ ತ್ರೋಪೀಕ್'ನಲ್ಲಿ, ಎರಡು ಹಳೆಯ ಅಭಿಪ್ರಾಯಗಳನ್ನು ಎದುರುಬದುರು ನಿಲ್ಲಿಸಿ ಎರಡೂ ಏಕಪಕ್ಷೀಯವೆಂದು ಮೂರನೆಯದರಿಂದ ತಳ್ಳಿಹಾಕುವ ವಿದ್ಯೆಯನ್ನೇ ತನಗೆ ಕಲಿಸಿದರೆಂದು ಆತ ಹೇಳಿಕೊಳ್ಳುತ್ತಾನೆ. ಹತ್ತು ನಿಮಿಷ ಸಿದ್ಧತೆಗೆ ಕೊಟ್ಟರೆ ಬಸ್ಸು ಮೇಲೋ ಟ್ರಾಮು ಮೇಲೋ ಎಂಬ ವಿಷಯದ ಮೇಲೂ ಒಂದು ಗಂಟೆಯ ಉಪನ್ಯಾಸ ಕಟ್ಟಬಲ್ಲೆನೆಂದು ಹಾಸ್ಯ ಮಾಡುತ್ತಾನೆ. 2023ರ ಬಾಕಲೊರೆಯಾದಲ್ಲಿ ವಿವರಿಸಲು ಕೊಟ್ಟ ಗದ್ಯಭಾಗ ಇದೇ ಲೆವಿ-ಸ್ತ್ರಾಸನದು. ಪರೀಕ್ಷೆ ತನ್ನ ವಿಮರ್ಶಕನನ್ನೂ ಪಠ್ಯ ಮಾಡಿಕೊಂಡಿತು!

ಇನ್ನು ತಕ್ಕಡಿ. 1930ರ ದಶಕದಲ್ಲಿ ಲೋಜಿಯೆ, ಪಿಯೆರೋನ್ ಮೊದಲಾದವರು ಬಾಕಲೊರೆಯಾದ ಉತ್ತರಪತ್ರಿಕೆಗಳನ್ನು ಹಲವರು ಪರೀಕ್ಷಕರಿಂದ ಬೇರೆ ಬೇರೆಯಾಗಿ ತಿದ್ದಿಸಿ ನೋಡಿದರು. 1936ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದು ಉತ್ತರಪತ್ರಿಕೆಯ 'ನಿಜವಾದ' ಅಂಕ ನಿಲ್ಲಬೇಕಾದರೆ ಎಷ್ಟು ಜನರ ಅಂಕಗಳ ಸರಾಸರಿ ಬೇಕು ಎಂಬ ಲೆಕ್ಕ ಅಲ್ಲಿದೆ. ಗಣಿತಕ್ಕೆ 13 ಜನ. ಫ್ರೆಂಚ್ ಪ್ರಬಂಧಕ್ಕೆ 78. ತತ್ತ್ವಶಾಸ್ತ್ರಕ್ಕೆ 127. ಇದ್ದವನು ಒಬ್ಬ! ತಿದ್ದುವ ಮೊದಲು ಪರೀಕ್ಷಕರು ಕೂಡಿ ಮಟ್ಟ ಗೊತ್ತುಮಾಡಿಕೊಳ್ಳುವ, ಮಧ್ಯೆ ಅಂಕಗಳನ್ನು ಹೋಲಿಸಿ ನೋಡುವ ಪದ್ಧತಿ ಅಲ್ಲಿದೆ; ಅತಿರೇಕಗಳು ಅದರಿಂದ ತಗ್ಗಬಹುದು. ಆದರೂ ಹನ್ನೊಂದಕ್ಕೂ ಒಂಬತ್ತಕ್ಕೂ ನಡುವಿನ ಗೆರೆಯನ್ನು ನಾನಂತೂ ನಂಬಲಾರೆ. ಹಾಗೆ ನೋಡಿದರೆ ಇದು ಎಳೆಯರ ಕಷ್ಟ ಮಾತ್ರವೂ ಅಲ್ಲ. ಅಧ್ಯಾಪಕರನ್ನು ಆರಿಸುವ ಆಗ್ರೆಗಾಸ್ಯೋಂ ಸ್ಪರ್ಧೆಯಲ್ಲಿ 1928ರಲ್ಲಿ ಸಾರ್ತ್ರ್ ನಪಾಸಾದ. 1929ರಲ್ಲಿ ಅದೇ ಸಾರ್ತ್ರ್ ಮೊದಲಿಗ, ಸಿಮೋನ್ ದ ಬೋವ್ವಾರ್ ಎರಡನೆಯವಳು.

ಹಾಗಾದರೆ ಪ್ರಬಂಧವನ್ನೇ ಕೈಬಿಟ್ಟು ಸರಿ ತಪ್ಪು ಗುರುತು ಹಾಕುವ ಪ್ರಶ್ನೆಗಳನ್ನು ಕೊಡೋಣವೆ? ತಕ್ಕಡಿ ನೆಟ್ಟಗಾದೀತು, ತೂಗಲು ಪದಾರ್ಥ ಉಳಿಯದು. ನಮ್ಮ ತತ್ತ್ವಶಾಸ್ತ್ರದ ಪರೀಕ್ಷೆಗಳಲ್ಲಿ 'ಶಂಕರರ ಮಾಯಾವಾದವನ್ನು ವಿವರಿಸಿ' ಎಂಬ ಜಾತಿಯ ಪ್ರಶ್ನೆಗೆ ಅಂಕ ಕೊಡುವುದು ಸುಲಭ, ಏಕೆಂದರೆ ವಿದ್ಯಾರ್ಥಿ ಮಾಯಾವಾದವನ್ನು ಒಪ್ಪುತ್ತಾನೆಯೆ ಎಂದು ಯಾರೂ ಕೇಳುವುದಿಲ್ಲ.

2019ರಲ್ಲಿ ಹೊರಬಂದ ಫ್ರೆಂಚ್ ಪಠ್ಯಕ್ರಮದ ಗ್ರಂಥಕರ್ತರ ಪಟ್ಟಿಯಲ್ಲಿ ನಾಗಾರ್ಜುನನ ಹೆಸರಿರುವುದನ್ನು ನೋಡಿ ನನಗೆ ಒಂದು ಯೋಚನೆ ಬಂತು. ಅವನ 'ವಿಗ್ರಹವ್ಯಾವರ್ತನೀ'ಯಲ್ಲಿ ಮೊದಲ ಇಪ್ಪತ್ತು ಕಾರಿಕೆಗಳು ಪೂರ್ವಪಕ್ಷಕ್ಕೇ ಮೀಸಲು. ಆ ಆಕ್ಷೇಪವೂ ಸಾಮಾನ್ಯದ್ದಲ್ಲ: ಎಲ್ಲವೂ ಶೂನ್ಯವಾದರೆ ನಿನ್ನ ಈ ಮಾತೂ ಶೂನ್ಯ, ಶೂನ್ಯವಾದ ಮಾತು ಏನನ್ನು ತಾನೆ ನಿರಾಕರಿಸೀತು? ನಾಗಾರ್ಜುನ ತನ್ನ ಕತ್ತಿಗೆ ತಗಲುವ ಕತ್ತಿಯನ್ನು ತಾನೇ ಹದಮಾಡಿ ಎದುರಾಳಿಯ ಕೈಗಿತ್ತು, ಆಮೇಲೆ ಉತ್ತರಕ್ಕೆ ತೊಡಗುತ್ತಾನೆ. ನಮ್ಮ ಭಾಷ್ಯಕಾರರೂ ಪೂರ್ವಪಕ್ಷವನ್ನು ದಾಟದೆ ಸಿದ್ಧಾಂತಕ್ಕೆ ಹೋಗುವವರಲ್ಲ. ಇದೂ ಒಂದು ಅಚ್ಚೇ. ಅಚ್ಚು ಇದ್ದ ಮಾತ್ರಕ್ಕೆ ಯೋಚನೆ ಸಾಯಲಿಲ್ಲ.

ಆದ್ದರಿಂದ ಅಂಕ ಕೊಡುವವರು ಮೊದಲು ಎರಡನೆಯ ಭಾಗವನ್ನು ಓದಬೇಕೆಂಬುದು ನನ್ನ ಅಭಿಪ್ರಾಯ. ಅದು ಮೊದಲನೆಯ ಭಾಗಕ್ಕೆ ನಿಜವಾದ ಗಾಯ ಮಾಡಿದೆಯೆ? ಎದುರು ಪಕ್ಷದವನು ಅದನ್ನು ಓದಿ 'ನನ್ನ ಮಾತು ಇದೇ' ಎಂದಾನೆಯೆ, ಅಥವಾ ಹೊಡೆದು ಬೀಳಿಸಲೆಂದೇ ನಿಲ್ಲಿಸಿದ ಬೆದರುಬೊಂಬೆಯೆ? ಪೀಠಿಕೆಯ ಚೆಲುವನ್ನೂ ಸಾಲುಸಾಲಾಗಿ ಬರುವ ದೊಡ್ಡ ಹೆಸರುಗಳನ್ನೂ ಇಷ್ಟು ನೋಡಿದ ಮೇಲೆ ಗಮನಿಸಿದರೆ ಸಾಕು. ಇಷ್ಟರಿಂದ 127 ಜನರ ಕೆಲಸ ಒಬ್ಬನ ಕೈಯಲ್ಲಿ ಆದೀತೆಂದಲ್ಲ. ಸ್ಪರ್ಧಾಪರೀಕ್ಷೆಗಳಲ್ಲಿ ಮಾಡುವಂತೆ ಕನಿಷ್ಠ ಇಬ್ಬರಾದರೂ ಓದಬೇಕು, ಅವರ ಅಂಕಗಳು ದೂರ ಬಿದ್ದರೆ ಮೂರನೆಯವರು ನೋಡಬೇಕು. ಖರ್ಚು ಹೆಚ್ಚುತ್ತದೆಂದು ಇಲಾಖೆ ಹೇಳೀತು. ಪ್ರಭುತ್ವಕ್ಕೆ ಋಣವುಂಟೆ ಎಂದು ಹದಿನೇಳರ ಹುಡುಗಿಯನ್ನು ಕೇಳಿ ನಾಲ್ಕು ಗಂಟೆ ಬರೆಸಿದ ಮೇಲೆ, ಒಂಬತ್ತು ಏಕೆ, ಹನ್ನೊಂದು ಏಕಲ್ಲ ಎಂದು ಅವಳು ತಿರುಗಿ ಕೇಳಿದರೆ ಆ ಇಲಾಖೆ ಕೊಡುವ ಲೆಕ್ಕವೇನು?